ಒಂದು ಬಳ್ಳಿ, ಎರಡು ಊರು

ಮಾರ್ಚ್ ತಿಂಗಳು ಬಂತೆಂದರೆ ಅಥಣಿ ತಾಲ್ಲೂಕಿನ ತೆಲಸಂಗದ ಕಡೆ ಮಣೂಕದ ಶೆಡ್ಡುಗಳಲ್ಲಿ ಬಿಡುವಿಲ್ಲದ ದುಡಿಮೆ. ಅಂಥದೊಂದು ಶೆಡ್ಡಿನಲ್ಲಿ, ಜರ್ಮನಿಯಿಂದ ರಜೆಗೆ ಬಂದ ತರುಣನೊಬ್ಬ ತಾನು ಕಂಡು ಬಂದ ಬಾಖರಾಖ್ ಎಂಬ ಊರಿನ ಸಂಗತಿಯನ್ನು ಕಾಕಾನಿಗೆ ಹೇಳುತ್ತ ಕುಳಿತಿದ್ದ.

ರೈನ್ ನದಿಯ ದಂಡೆಯ ಪುಟ್ಟ ಊರದು. ಬೆನ್ನಿಗೆ ಕಡಿದಾದ ಗುಡ್ಡ, ಅದರ ಮೈತುಂಬ ದ್ರಾಕ್ಷಿ, ಮೇಲೆ ಸ್ಟಾಲೆಕ್ ಕೋಟೆ. ಚಳಿಯ ಸೀಮೆಯಾದ್ದರಿಂದ ಅಲ್ಲಿ ಬಿಸಿಲೇ ತುಟ್ಟಿ. ಹಗಲು ಕಾದ ಪದರುಗಲ್ಲು ಕತ್ತಲಾದ ಮೇಲೂ ಬಳ್ಳಿಗೆ ಕಾವು ಕೊಡುತ್ತದೆ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಮದ್ಯವಾಗಿಸುತ್ತದೆ. 1689ರಲ್ಲಿ ಫ್ರೆಂಚ್ ಸೈನ್ಯ ಸಿಡಿಸಿ ಹಾಕಿದ ಕೋಟೆಯನ್ನು 20ನೇ ಶತಮಾನದಲ್ಲಿ ಮತ್ತೆ ಕಟ್ಟಿದರು. ಈಗ ಅದು ಯುವ ಪ್ರವಾಸಿಗರ ವಸತಿಗೃಹ.

“ಕೋಟಿ ನೋಡಾಕ ಬಂದವರು ದ್ರಾಕ್ಷಿಗೂ ರೊಕ್ಕ ಕೊಟ್ಟು ಹೋಗ್ತಾರನ್ನು” ಎಂದ ಕಾಕಾ. “ನಮ್ಮಲ್ಲಿ ಗಚ್ಚಿನಮಠಕ್ಕ ಭಕ್ತರು ಬರ್ತಾರ. ತ್ವಾಟ ನೋಡಾಕ ಯಾರು ಬರ್ತಾರ?”

ಅಥಣಿಗೂ ಇತಿಹಾಸ ಕಡಿಮೆಯಿಲ್ಲ. ಆದಿಲಶಾಹಿ ಕಾಲದ ಹೆಸರಾಂತ ಪೇಟೆ ಅದು. ಸ್ಟಾಲೆಕ್ ಸಿಡಿಯುವ ಹತ್ತು ವರ್ಷ ಮೊದಲು, 1679ರಲ್ಲಿ, ಮೊಗಲ್ ಸರದಾರ ದಿಲೇರಖಾನನ ದಂಡು ಅದನ್ನು ಲೂಟಿ ಮಾಡಿತು. ಆದರೆ ಬಯಲುಸೀಮೆಯ ಈ ಊರಿಗೆ ತಲೆಯೆತ್ತಿ ತೋರಿಸಲು ಗುಡ್ಡದ ಕೋಟೆಯಿಲ್ಲ.

ಇಲ್ಲಿ ಬಿಸಿಲು ಪುಕ್ಕಟೆ, ನೀರು ತುಟ್ಟಿ. ಬರಗಾಲದಲ್ಲಿ ಟ್ಯಾಂಕರ್ ನೀರು ತಂದು ಬಳ್ಳಿ ಉಳಿಸಿಕೊಂಡವರಿದ್ದಾರೆ. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್ ಸುಮಾರಿಗೊಮ್ಮೆ ಚಾಟಣಿ. ಎರಡು ಚಾಟಣಿಗೆ ಒಂದೇ ಬೆಳೆ. ಹಣ್ಣಿನ ಸಿಪ್ಪೆಯ ಮೇಲೆ ತೆಳುವಾದ ಮೇಣವಿರುತ್ತದೆ. ಅದು ಒಳಗಿನ ನೀರನ್ನು ಬೇಗ ಬಿಟ್ಟುಕೊಡದು. ಅದಕ್ಕೆಂದೇ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ, ನೆರಳಿನ ಬಲೆಗಳ ಮೇಲೆ ಹರವುತ್ತಾರೆ. ಹದಿನೈದು ದಿನಗಳ ಸುಮಾರಿಗೆ 4 ಕಿಲೋ ಹಣ್ಣು 1 ಕಿಲೋ ಮಣೂಕವಾಗುತ್ತದೆ. ಆ ದಿನಗಳಲ್ಲಿ ಅಕಾಲಿಕ ಮಳೆ ಬಿದ್ದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಕಪ್ಪಾಗುತ್ತದೆ, ದರ ಕುಸಿಯುತ್ತದೆ. ವರ್ಷದ ಸಾಲವೆಲ್ಲ ಆ ಹದಿನೈದು ದಿನಗಳ ಆಕಾಶಕ್ಕೆ ಜೋತುಬಿದ್ದಿರುತ್ತದೆ.

“ಕಾಕಾ, ಒಮ್ಮೆ ನೀವೂ ಬರ್ರಿ. ಕೋಟಿ ತೋರಸ್ತೀನಿ” ಎಂದ ಹುಡುಗ.

ಕಾಕಾ ಪಡುವಣ ದಿಕ್ಕಿಗೆ ಕೈ ಮರೆ ಮಾಡಿ ನೋಡುತ್ತಿದ್ದ. ಅಲ್ಲೊಂದು ಮೋಡ ದಟ್ಟವಾಗುತ್ತಿತ್ತು.

“ಕೋಟಿ ಎಲ್ಲಿ ಹೋಗ್ತದೋ ತಮ್ಮಾ, ಮುನ್ನೂರು ವರ್ಷ ಕಾದದ. ಮಣೂಕ ಕಾಯೂದಿಲ್ಲ. ಏಳು, ತಾಡಪತ್ರಿ ಇಳಸೋಣು.”

ಇಬ್ಬರೂ ಎದ್ದರು.