‘ಶೀಘ್ರದಲ್ಲೇ ಬರಲಿದೆ’ ಅನ್ನೋದನ್ನು ನಾನು ಓದಲೇ ಇಲ್ಲ

2021ರ ಜನವರಿ 26. ನಮ್ಮೂರು ತಾಂಡವಪುರದಲ್ಲಿ ಬಾವುಟ ಏರಿಸಿ, ಸಿಹಿ ಹಂಚಿ ಆಗಿತ್ತು. ಟಿವಿಯಲ್ಲಿ ದೆಹಲಿಯ ಟ್ರ್ಯಾಕ್ಟರ್ ಮೆರವಣಿಗೆ ಬರುತ್ತಿತ್ತು. ನನ್ನ ಚಿಕ್ಕಮ್ಮನ ಮಗನಿಗೆ ಅದ್ಯಾವುದೂ ಬೇಕಿರಲಿಲ್ಲ. ನಮ್ಮ ಜಗಲಿಯ ಮೇಲೆ ಕೂತು ಫೋನನ್ನೇ ನೋಡುತ್ತಿದ್ದ. ‘ಫೌಜಿ’ ಗೇಮ್ ಡೌನ್‌ಲೋಡ್ ಆಗುತ್ತಿತ್ತು. ಸುಮಾರು 460 ಎಂಬಿ. ನಮ್ಮ ಬೀದಿಯ ನೆಟ್‌ವರ್ಕಿಗೆ ಅದು ಸಣ್ಣ ಕೆಲಸ ಅಲ್ಲ.

ಗೇಮ್ ಓಪನ್ ಆಯಿತು. ಅವನು ಒಂದಷ್ಟು ಹೊತ್ತು ಅಲ್ಲಿ ಇಲ್ಲಿ ಒತ್ತಿ ನೋಡಿದ. ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸಿದ.

“ಎಲ್ಲಣ್ಣ ಅದ, ನಾವ್ ನಾಲ್ಕು ಜನ ಒಟ್ಗ ಆಡಾದು?”

ಪರದೆಯ ಮೇಲೆ ಒಂದೇ ಒಂದು ಆಟ ತೆರೆದಿತ್ತು. ಗೆಳೆಯರ ಜೊತೆ ಸೇರಿ ಆಡುವ ಆಟಗಳ ಹೆಸರೇನೋ ಇತ್ತು. ಆದರೆ ಅದರ ಜೊತೆಗೆ ‘ಶೀಘ್ರದಲ್ಲೇ ಬರಲಿದೆ’ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು.

“ಬತ್ತದ ಕಣೋ, ಅಪ್‌ಡೇಟ್ ಬತ್ತದ,” ಅಂದೆ.

“ನೀನೇ ಅಲ್ವಣ್ಣ ಬರ್ದಿದ್ದು?” ಅಂದ. ಜಗಳ ಮಾಡೋ ದನಿಯಲ್ಲಿ ಅಲ್ಲ. ಸುಮ್ಮನೆ ಕೇಳಿದ ಅಷ್ಟೆ. ಆ ಪ್ರಶ್ನೆಯ ಬಗ್ಗೆಯೇ ಈ ಬರಹ.

*

ಮೊದಲಿಂದ ಹೇಳುತ್ತೇನೆ. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಕಾಣಿಸಿಕೊಂಡದ್ದು ನಿಮಗೆ ನೆನಪಿರಬಹುದು. ಒಂದೇ ವಾರದಲ್ಲಿ ನಂಜನಗೂಡಿನ ಹೆಸರು ಎಲ್ಲ ಚಾನೆಲ್‌ಗಳಲ್ಲೂ ಬಂತು. ನಮ್ಮೂರು ಮೈಸೂರು–ನಂಜನಗೂಡು ರಸ್ತೆಯಲ್ಲಿದೆ, ಅಕ್ಕಪಕ್ಕ ಕಾರ್ಖಾನೆಗಳಿವೆ. ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದೇ ಶಿಫ್ಟಿನ ಸಂಬಳದಿಂದ. ಆ ಶಿಫ್ಟು ನಿಂತಿತು. ಚಾಮರಾಜನಗರದ ರೈಲೂ ನಿಂತಿತು. ಊರಿನ ಸ್ಟೇಷನ್ನು ಬಿಕೋ ಅನ್ನುತ್ತಿತ್ತು.

ಆ ದಿನಗಳಲ್ಲಿ ನನ್ನ ತಮ್ಮ ಮತ್ತು ಅವನ ಮೂವರು ಗೆಳೆಯರು ಪಬ್ಜಿ ಆಡುತ್ತಿದ್ದರು. ನಾಲ್ವರದ್ದು ಒಂದು ತಂಡ. ಅದರಲ್ಲಿ ಮೂವರು ಊರಿನವರೇ. ನಾಲ್ಕನೆಯವನ ಅಪ್ಪ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ ಮಾಡಿಕೊಂಡು ನಮ್ಮ ಬೀದಿಯಲ್ಲಿ ಬಾಡಿಗೆಗೆ ಇದ್ದರು. ಕೆಲಸ ಹೋದ ಮೇಲೆ ಮನೆ ಖಾಲಿ ಮಾಡಿ ಟಿ. ನರಸೀಪುರದ ಕಡೆ ಇರುವ ತಮ್ಮೂರಿಗೆ ಹೊರಟುಹೋದರು. ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು ಓದಿದ ಹುಡುಗ, ಒಂದು ಭಾನುವಾರ ಗೂಡ್ಸ್ ಗಾಡಿಯ ಹಿಂದೆ ಮಂಚದ ಮೇಲೆ ಕೂತು ಹೋದ.

ಆಮೇಲೆ ಅವನು ಸಿಗುತ್ತಿದ್ದದ್ದು ರಾತ್ರಿ ಒಂಬತ್ತಕ್ಕೆ, ಪಬ್ಜಿಯಲ್ಲಿ. ನಾನು ಪಕ್ಕದಲ್ಲಿ ಮಲಗಿ ಇವರ ಮಾತು ಕೇಳಿಸಿಕೊಳ್ಳುತ್ತಿದ್ದೆ. “ಎಡಗಡೆ ಬಾರ್ಲಾ, ಮನೆ ಒಳಗವನೆ” ಅನ್ನೋದರ ನಡುವೆಯೇ “ನಿಮ್ಮಪ್ಪಂಗ ಕೆಲ್ಸ ಸಿಕ್ತಾ?” ಅನ್ನೋದೂ ಇರುತ್ತಿತ್ತು. ಚಿಕ್ಕಮ್ಮ ಬೈಯುತ್ತಿದ್ದರು: ಕಣ್ಣು ಹೋಗುತ್ತೆ, ರೀಚಾರ್ಜು ಖಾಲಿ, ಓದು ಸೊನ್ನೆ. ಬೈಗುಳದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ನಾಲ್ವರಿಗೆ ಆ ಹೊತ್ತಿನಲ್ಲಿ ಅದೇ ಅರಳಿಕಟ್ಟೆ ಆಗಿತ್ತು ಅನ್ನೋದೂ ನಿಜ.

ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಟ್ಟಿಯಲ್ಲಿ ಪಬ್ಜಿಯೂ ಇತ್ತು. ಮೊದಲೇ ಫೋನಿನಲ್ಲಿ ಇದ್ದವರಿಗೆ ಇನ್ನೊಂದಷ್ಟು ದಿನ ನಡೆಯಿತು. ಅಕ್ಟೋಬರ್ 30ಕ್ಕೆ ಸರ್ವರೇ ಬಂದ್ ಆಯಿತು. ಅಲ್ಲಿಗೆ ಕಟ್ಟೆ ಮುಚ್ಚಿತು.

*

ನಿಷೇಧವಾದ ಎರಡೇ ದಿನಕ್ಕೆ, ಸೆಪ್ಟೆಂಬರ್ 4ರಂದು, ನಟ ಅಕ್ಷಯ್ ಕುಮಾರ್ ‘ಫೌಜಿ’ ಗೇಮಿನ ಸುದ್ದಿ ಹಾಕಿದರು. ಮಾಡುತ್ತಿರುವುದು ನಮ್ಮ ಬೆಂಗಳೂರಿನ ಎನ್‌ಕೋರ್ ಗೇಮ್ಸ್. ನಿವ್ವಳ ಆದಾಯದ ಶೇ. 20 ಯೋಧರ ಕುಟುಂಬಗಳಿಗಾಗಿ ಇರುವ ‘ಭಾರತ್ ಕೆ ವೀರ್’ ನಿಧಿಗೆ. ಪಬ್ಜಿ ಹೋದ ಎರಡನೇ ದಿನ, ಬೆಂಗಳೂರಿನ ಕಂಪನಿ, ಸೈನಿಕರ ಹೆಸರು, ದೊಡ್ಡ ನಟ. ಇಷ್ಟು ಒಟ್ಟಿಗೆ ಬಂದಮೇಲೆ ಯಾರು ತಾನೇ ತಾಳ್ಮೆಯಿಂದ ಕೂರುತ್ತಾರೆ? ದಸರಾ ಹೊತ್ತಿಗೆ ಟೀಸರ್ ಬಂತು. ನವೆಂಬರ್ 30ಕ್ಕೆ ಪ್ಲೇಸ್ಟೋರಿನಲ್ಲಿ ಮುಂಗಡ ನೋಂದಣಿ ಶುರುವಾಯಿತು. ಒಂದೇ ದಿನದಲ್ಲಿ ಹತ್ತು ಲಕ್ಷ ದಾಟಿತು ಅಂತ ಸುದ್ದಿಯಾಯಿತು.

ನಾನು ಆಗ ಪತ್ರಿಕೋದ್ಯಮ ಓದುತ್ತಿದ್ದೆ. ಊರಿನಲ್ಲಿ ನನಗೆ ‘ಪೇಪರ್‌ನೋನು’ ಅಂತಲೇ ಹೆಸರು ಬಿದ್ದಿತ್ತು. ನಮ್ಮೂರ ಹುಡುಗರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಬರಹ ಹಾಕಿದೆ. ತಲೆಬರಹ ‘ಪಬ್ಜಿಗೆ ನಮ್ಮ ಉತ್ತರ’. ಪಬ್ಜಿಯಲ್ಲಿ ಇದ್ದದ್ದೆಲ್ಲ ಇದರಲ್ಲಿ ಇದೆ, ಗೆಳೆಯರ ತಂಡ ಕಟ್ಟಿಕೊಂಡು ಆಡಬಹುದು ಅಂತ ಬರೆದೆ. ‘ಇರಬಹುದು’ ಅಂತ ಬರೆಯಲಿಲ್ಲ, ‘ಇದೆ’ ಅಂತಲೇ ಬರೆದೆ. ಎಲ್ಲಿಂದ ತಿಳಿಯಿತು ಅಂದರೆ, ಎರಡು ಯೂಟ್ಯೂಬ್ ವಿಡಿಯೊ ನೋಡಿದ್ದೆ, ನಾಲ್ಕು ಫಾರ್ವರ್ಡ್ ಓದಿದ್ದೆ. ಅಷ್ಟೇ.

ಮೊದಲ ಹಂತ ಗಾಲ್ವಾನ್ ಕಣಿವೆಯ ಕಥೆ ಆಗಿರುತ್ತದೆ ಅಂತ ಸೆಪ್ಟೆಂಬರಿನ ಸುದ್ದಿಗಳಲ್ಲೇ ಇತ್ತು. ನಾನು ಅದನ್ನೂ ನೋಡಿದ್ದೆ. ನೋಡಿ ದಾಟಿಕೊಂಡು ಹೋದೆ. ‘ಕಥೆ’ ಅಂದರೆ ಒಬ್ಬನೇ ಆಡುವ ಆಟ ಇರಬಹುದಲ್ಲ ಅಂತ ನನಗೆ ಹೊಳೆಯಲೇ ಇಲ್ಲ. ಹೊಳೆಯುವುದು ಬೇಕೂ ಇರಲಿಲ್ಲ ಅನ್ನಿಸುತ್ತದೆ. ಗುಂಪಿನಲ್ಲಿ ಚಪ್ಪಾಳೆ ಗುರುತುಗಳು ಸಾಲಾಗಿ ಬರುತ್ತಿದ್ದವು.

ತಮ್ಮನ ಹಳೆಯ ಫೋನಿನಲ್ಲಿ ಇದು ನಡೆಯುತ್ತಿರಲಿಲ್ಲ. ಆ್ಯಂಡ್ರಾಯ್ಡ್ 8 ಅಥವಾ ಅದಕ್ಕಿಂತ ಹೊಸದು ಬೇಕಿತ್ತು. ಪಿಯುಸಿ ಹುಡುಗ, ಕಾಲೇಜು ಅರ್ಧಂಬರ್ಧ. ಬಾಳೆಗೊನೆ ಲೋಡ್ ಮಾಡುವ ಕೆಲಸಕ್ಕೆ ಹೋದ. ದಿನಕ್ಕೆ 350 ರೂಪಾಯಿ. ಹದಿಮೂರು ದಿನ ಹೊತ್ತ. ಹೆಗಲ ಮೇಲೆ ಬಾಳೆಯ ಕರೆ ಹತ್ತಿದ ಎರಡು ಅಂಗಿ ಹಾಳಾದವು, ಬಾಳೆಕರೆ ಒಗೆದರೂ ಹೋಗುವುದಿಲ್ಲ. ಆ ದುಡ್ಡಿನಲ್ಲಿ ನಂಜನಗೂಡಿಗೆ ಹೋಗಿ 4,500 ರೂಪಾಯಿಯ ಸೆಕೆಂಡ್‌ಹ್ಯಾಂಡ್ ಫೋನ್ ತಂದ. “ಆನ್‌ಲೈನ್ ಕ್ಲಾಸಿಗೂ ಆಯ್ತದ ಕನವ್ವ” ಅಂತ ಚಿಕ್ಕಮ್ಮನಿಗೆ ಹೇಳಿದ. ನಾನೂ ಹೌದು ಹೌದು ಅಂದೆ.

ನರಸೀಪುರದ ಹುಡುಗನಿಗೆ ಜನವರಿ 25ರ ರಾತ್ರಿಯೇ ಫೋನ್ ಮಾಡಿ, ನಾಳೆ ಒಂಬತ್ತಕ್ಕೆ ಸಿಗು ಅಂತ ಹೇಳಿಟ್ಟಿದ್ದ.

*

ಬಂದ ಗೇಮ್ ಹೇಗಿತ್ತು? ಅನ್ಯಾಯವಾಗಿ ಬೈಯಬಾರದು. ಹಿಮದ ಬೆಟ್ಟ, ಕಣಿವೆ ಚೆನ್ನಾಗಿಯೇ ಕಾಣುತ್ತಿದ್ದವು. ನೀವು ಒಬ್ಬ ಯೋಧ. ಕಳೆದುಹೋದ ಜೊತೆಗಾರರನ್ನು ಹುಡುಕಿಕೊಂಡು ಹೋಗಬೇಕು. ಎದುರಾದವರ ಮೇಲೆ ಕೈಯಲ್ಲಿ, ಇಲ್ಲ ಸಿಕ್ಕಿದ ಆಯುಧದಲ್ಲಿ ಹೊಡೆದಾಡಬೇಕು. ಸುಸ್ತಾದರೆ ಬೆಂಕಿಯ ಪಕ್ಕ ಕೂತು ಚೇತರಿಸಿಕೊಳ್ಳಬೇಕು. ಮತ್ತೆ ನಡೆ, ಮತ್ತೆ ಹೊಡೆ. ಬಂದೂಕು ಇಲ್ಲ. ಜೊತೆಗೆ ಯಾರೂ ಇಲ್ಲ. ತಮ್ಮ ಸಂಜೆಯೊಳಗೆ ಮುಗಿಸಿಬಿಟ್ಟ.

ಬಂದೂಕು ಇಲ್ಲದ್ದಕ್ಕೆ ಕಾರಣ ಇತ್ತು. 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಹುತಾತ್ಮರಾದದ್ದು ಗುಂಡಿನಿಂದ ಅಲ್ಲ. ಗಡಿರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸಬಾರದು ಅಂತ 1996ರಲ್ಲೇ ಭಾರತ–ಚೀನಾ ಒಪ್ಪಂದ ಆಗಿದೆ. ಅಲ್ಲಿ ನಡೆದದ್ದು ಕಲ್ಲು, ದೊಣ್ಣೆ, ಮುಳ್ಳುರಾಡುಗಳ ಹೊಡೆದಾಟ. ಹಾಗಾಗಿ ಆ ವಿಷಯದಲ್ಲಿ ಗೇಮ್ ನಿಜಕ್ಕೇ ಹತ್ತಿರ ಇತ್ತು. ಪಬ್ಜಿ ಬರುತ್ತದೆ ಅಂತ ಕಾದವರಿಗೆ ಅದು ಬೇಕಿರಲಿಲ್ಲ ಅಷ್ಟೆ.

ದೇಶದ ತುಂಬ ಹೀಗೇ ಆಯಿತು. ಮೊದಲು ಐದು ಸ್ಟಾರ್ ಕೊಟ್ಟು ಮೆರೆಸಿದರು. ಕೆಲವೇ ದಿನಗಳಲ್ಲಿ ಪ್ಲೇಸ್ಟೋರಿನ ರೇಟಿಂಗ್ ಕುಸಿಯಿತು. ತಂಡ ಕಟ್ಟಿ ಆಡುವ ಮೋಡ್ ಪರೀಕ್ಷೆಗೆ ಅಂತ ಬಂದದ್ದು ಆ ವರ್ಷದ ಜೂನ್‌ನಲ್ಲಿ, ಅಂದರೆ ಸುಮಾರು ಐದು ತಿಂಗಳ ನಂತರ.

ಐದು ತಿಂಗಳು ಯಾಕೆ ಬೇಕು ಅಂತ ಆಗ ನನಗೆ ಗೊತ್ತಿರಲಿಲ್ಲ. ಒಬ್ಬನೇ ಆಡುವ ಆಟ ನಿಮ್ಮ ಫೋನಿನೊಳಗೇ ನಡೆದು ಮುಗಿಯುತ್ತದೆ. ಪಬ್ಜಿ ಹಾಗಲ್ಲ. ನೂರು ಜನ ಒಂದೇ ಮೈದಾನದಲ್ಲಿ ಇರುತ್ತಾರೆ. ಯಾರು ಎಲ್ಲಿ ನಿಂತಿದ್ದಾರೆ, ಯಾರು ಯಾರಿಗೆ ಹೊಡೆದರು ಅಂತ ಪ್ರತಿಯೊಬ್ಬರ ಫೋನೂ ಸೆಕೆಂಡಿಗೆ ಹಲವು ಸಲ ದೂರದ ಸರ್ವರಿಗೆ ಹೇಳುತ್ತಿರಬೇಕು. ಸರ್ವರ್ ಅದನ್ನು ಉಳಿದವರಿಗೆಲ್ಲ ಮುಟ್ಟಿಸಬೇಕು. ತಾಂಡವಪುರದ ನೆಟ್‌ವರ್ಕ್ ಒಂದು ಕ್ಷಣ ತಡವರಿಸಿದರೂ ಆಟ ಕೆಡಬಾರದು. ಮೋಸ ಮಾಡುವವರನ್ನು ಹಿಡಿಯಬೇಕು. ಇದು ಒಂದು ಟೀಸರ್ ಬಿಟ್ಟಷ್ಟು ಸುಲಭ ಅಲ್ಲ. ಪಬ್ಜಿ ಕೂಡ ಒಂದೇ ದಿನಕ್ಕೆ ಹುಟ್ಟಿದ್ದಲ್ಲ. 2017ರ ಮಾರ್ಚ್‌ನಲ್ಲಿ ಕಂಪ್ಯೂಟರಿಗೆ ಅದನ್ನು ಮೊದಲು ಮಾರಿದಾಗ ‘ಇನ್ನೂ ಪೂರ್ತಿ ಆಗಿಲ್ಲ’ ಅಂತ ಹೇಳಿಯೇ ಮಾರಿದ್ದರು. ಪೂರ್ತಿ ರೂಪ ಬಂದದ್ದು ಆ ವರ್ಷದ ಡಿಸೆಂಬರ್‌ಗೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಫೌಜಿಗಿಂತ ಒಂದೂವರೆ ತಿಂಗಳ ಹಿಂದೆ, 2020ರ ಡಿಸೆಂಬರ್ 10ರಂದು, ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿಯ ‘ಸೈಬರ್‌ಪಂಕ್ 2077’ ಬಂತು. 2012ರಲ್ಲೇ ಘೋಷಣೆಯಾಗಿದ್ದ ಗೇಮ್. ಎಂಟು ವರ್ಷ ಕಾದು ದುಡ್ಡು ಕೊಟ್ಟು ಕೊಂಡವರಿಗೆ, ಅದರಲ್ಲೂ ಹಳೆಯ ಪ್ಲೇಸ್ಟೇಷನ್ ಇದ್ದವರಿಗೆ, ಸಿಕ್ಕಿದ್ದು ನಡುವೆ ನಡುವೆ ನಿಂತುಹೋಗುವ ಆಟ. ಒಂದು ವಾರದಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದು, ದುಡ್ಡು ವಾಪಸ್ ಕೊಡುತ್ತೇವೆ ಅಂದಿತು. ಮತ್ತೆ ಅಂಗಡಿಗೆ ಬರಲು 2021ರ ಜೂನ್ ಆಗಬೇಕಾಯಿತು.

ಹಿಂದೆ ಗೇಮ್ ಒಂದು ಕ್ಯಾಸೆಟ್ಟಿನಲ್ಲೋ ಸಿ.ಡಿ.ಯಲ್ಲೋ ಬರುತ್ತಿತ್ತು. ತಪ್ಪಿದ್ದರೆ ತಿದ್ದುವ ದಾರಿ ಇರಲಿಲ್ಲ, ಮುಗಿಸಿಯೇ ಮಾರಬೇಕಿತ್ತು. ಈಗ ಇಂಟರ್ನೆಟ್ ಇದೆ, ಆಮೇಲೆ ಅಪ್‌ಡೇಟ್ ಕೊಟ್ಟರಾಯಿತು ಅನ್ನೋ ಧೈರ್ಯ. ತಾರೀಖು ಮೊದಲು ನಿಗದಿಯಾಗುತ್ತದೆ, ಕೆಲಸ ಅದರ ಹಿಂದೆ ಓಡುತ್ತದೆ. ಮದುವೆಗೆ ಮುಹೂರ್ತ ಇಟ್ಟು ಆಮೇಲೆ ಮನೆ ಕಟ್ಟಲು ಹೊರಟ ಹಾಗೆ.

*

ಇಷ್ಟೆಲ್ಲ ತಿಳಿದುಕೊಂಡೆ. ತಿಳಿದುಕೊಂಡರೂ ತಮ್ಮನ ಪ್ರಶ್ನೆಗೆ ಅದು ಉತ್ತರ ಅಲ್ಲ. ಆಟ ಅರ್ಧ ಮುಗಿದಿದೆ ಅನ್ನೋದನ್ನು ಆ ಪರದೆಯೇ ಹೇಳುತ್ತಿತ್ತು, ‘ಶೀಘ್ರದಲ್ಲೇ ಬರಲಿದೆ’ ಅಂತ. ಪೂರ್ತಿ ಆಗಿದೆ ಅಂತ ಹೇಳಿದವನು ನಾನು. ಅವನು ಹದಿಮೂರು ದಿನ ಗೊನೆ ಹೊತ್ತದ್ದು ಅಕ್ಷಯ್ ಕುಮಾರ್ ಮಾತು ಕೇಳಿ ಅಲ್ಲ, ಪೇಪರ್‌ನೋನಾದ ಅಣ್ಣನ ಮಾತು ಕೇಳಿ.

ಆಮೇಲೆ ನೋಡಿದರೆ ನಮ್ಮ ಊರುಗಳ ಸುದ್ದಿಯಲ್ಲೂ ಇದೇ ರೋಗ. ‘ಆಸ್ಪತ್ರೆ ಬರಲಿದೆ’, ‘ರಸ್ತೆ ಆಗಲಿದೆ’, ‘ನೂರಾರು ಯುವಕರಿಗೆ ಉದ್ಯೋಗ ಸಿಗಲಿದೆ’. ಗುದ್ದಲಿಪೂಜೆಯ ಫೋಟೊ ಮುಖಪುಟದಲ್ಲಿ ಬರುತ್ತದೆ. ಎರಡು ವರ್ಷ ಬಿಟ್ಟು ಅದೇ ಜಾಗಕ್ಕೆ ಹೋಗಿ ನೋಡಿ ಬರೆದ ಸುದ್ದಿ ಎಷ್ಟಿರುತ್ತದೆ? ‘ಲಿದೆ’ ಅನ್ನೋ ಆ ಎರಡಕ್ಷರವನ್ನು ನಾವು ಬರೆಯುವಾಗ ನುಂಗಿಬಿಡುತ್ತೇವೆ, ಓದುವವರು ಓದುವಾಗ ನುಂಗಿಬಿಡುತ್ತಾರೆ. ‘ಬರಲಿದೆ’ ಅನ್ನೋದು ‘ಬಂದಿದೆ’ ಆಗಿಬಿಡುತ್ತದೆ. ಅದನ್ನು ನಂಬಿ ಯಾರೋ ಒಬ್ಬ ಸಾಲ ಮಾಡಿ ರಸ್ತೆ ಬದಿಯಲ್ಲಿ ಅಂಗಡಿ ಹಾಕಿರುತ್ತಾನೆ.

ಈಗ ಇಲ್ಲಿಗೆ ಬರೆಯುವಾಗ ಒಂದು ರೂಢಿ ಇಟ್ಟುಕೊಂಡಿದ್ದೇನೆ. ಏನಾದರೂ ಬರುತ್ತದೆ ಅಂತ ಯಾರಾದರೂ ಹೇಳಿದರೆ ಮೂರು ವಿಷಯ ಕೇಳುತ್ತೇನೆ. ಇವತ್ತು ಎಷ್ಟು ಆಗಿದೆ? ನೀವು ಕಣ್ಣಾರೆ ನೋಡಿದ್ದೀರಾ? ಉಳಿದದ್ದಕ್ಕೆ ಯಾವ ತಾರೀಖು? ಉತ್ತರ ಸಿಗದಿದ್ದರೆ ‘ಅಂತ ಹೇಳಿದ್ದಾರೆ’ ಅಂತ ಬರೆಯುತ್ತೇನೆ, ‘ಇದೆ’ ಅಂತ ಬರೆಯುವುದಿಲ್ಲ. ಚಪ್ಪಾಳೆ ಕಡಿಮೆ ಬೀಳುತ್ತದೆ, ಬೀಳಲಿ.

2021ರ ಜುಲೈ 2ಕ್ಕೆ ಪಬ್ಜಿಯೇ ‘ಬಿಜಿಎಂಐ’ ಅನ್ನೋ ಹೊಸ ಹೆಸರಿನಲ್ಲಿ ಬಂತು. ತಮ್ಮ ಹಾಕಿಕೊಂಡ. ಮೂವರು ಸೇರಿದರು. ನರಸೀಪುರದ ಹುಡುಗ ಅಷ್ಟು ಹೊತ್ತಿಗೆ ಮೈಸೂರಿನ ಹೋಟೆಲೊಂದಕ್ಕೆ ಕೆಲಸಕ್ಕೆ ಸೇರಿದ್ದ. ರಾತ್ರಿ ಹನ್ನೊಂದಕ್ಕೆ ಮುಂಚೆ ಅವನ ಕೈಗೆ ಫೋನ್ ಸಿಗುತ್ತಿರಲಿಲ್ಲ, ಸಿಕ್ಕಾಗ ನಿದ್ದೆ. ನಾಲ್ವರೂ ಒಟ್ಟಿಗೆ ಆಡಿದ್ದು ಎರಡೋ ಮೂರೋ ಸಲ. ಜನವರಿಯಲ್ಲೇ ಸಿಕ್ಕಿದ್ದರೆ ಆ ಐದಾರು ತಿಂಗಳು ಅವರಿಗೆ ದಕ್ಕುತ್ತಿತ್ತು.

ಆ ಫೋನಿನಲ್ಲೇ ತಮ್ಮ ಪಿಯುಸಿ ಕ್ಲಾಸು ಕೇಳಿದ, ಪಾಸಾದ. ಚಿಕ್ಕಮ್ಮನ ಲೆಕ್ಕದಲ್ಲಿ ದುಡ್ಡು ದಂಡವಾಗಲಿಲ್ಲ. ಅವನೂ ನನ್ನ ಮೇಲೆ ಸಿಟ್ಟು ಇಟ್ಟುಕೊಂಡಿಲ್ಲ. ಆದರೆ ಒಂದು ಮಾತು ಕಲಿತಿದ್ದಾನೆ. ಮನೆಯಲ್ಲಿ ನಾನು ಯಾವುದೇ ಸುದ್ದಿ ಹೇಳಲು ಬಾಯಿ ತೆಗೆದರೂ ತಟ್ಟೆಯಿಂದ ತಲೆ ಎತ್ತದೆ ಕೇಳುತ್ತಾನೆ:

“ಬಂದದಾ ಅಣ್ಣ, ಇಲ್ಲ ಬತ್ತದಾ?”