ಧನುಷ್ಕೋಟಿಯ ರೈಲುದಾರಿ

ಕಾಶೀ ರಾಮೇಶ್ವರ ಯಾತ್ರೆಯು ಪೂರ್ಣವಾಗಬೇಕಾದರೆ ಧನುಷ್ಕೋಟಿಯಲ್ಲಿ ಸೇತುಸ್ನಾನವಾಗಬೇಕೆಂದು ನಮ್ಮ ಹಿರಿಯರು ಹೇಳುವುದುಂಟು. ಅಲ್ಲಿಯ ಮರಳನ್ನು ಪ್ರಯಾಗದ ಸಂಗಮದಲ್ಲಿ ವಿಸರ್ಜಿಸಿ, ಗಂಗೋದಕವನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿಸುವುದು ಸಂಪ್ರದಾಯ. ಒಂದು ಕಾಲದಲ್ಲಿ ಹೊಗೆಬಂಡಿಯೇ ಯಾತ್ರಿಕರನ್ನು ಈ ಕಡಲ ಕೊನೆಯವರೆಗೆ ತಂದು ಇಳಿಸುತ್ತಿದ್ದಿತೆಂಬುದು ಇಂದಿನ ಅನೇಕರಿಗೆ ತಿಳಿಯದು.

1914ರಲ್ಲಿ ಪಾಂಬನ್ ಜಲಸಂಧಿಗೆ ಸೇತುವೆಯಾಗಿ ರೈಲು ರಾಮೇಶ್ವರ ದ್ವೀಪವನ್ನು ಸೇರಿತು. ಪಾಂಬನ್ ನಿಲ್ದಾಣದಲ್ಲಿ ದಾರಿಯು ಎರಡಾಗಿ ಒಡೆಯುತ್ತಿದ್ದಿತು. ರಾಮೇಶ್ವರಕ್ಕೆ ಹೋಗುತ್ತಿದ್ದುದು ಸುಮಾರು 6 ಮೈಲಿಯ ಕಿರುದಾರಿ. ಧನುಷ್ಕೋಟಿಗೆ ಸುಮಾರು 15 ಮೈಲಿ. ಮದರಾಸಿನಿಂದ ಹೊರಟ ‘ಬೋಟ್ ಮೇಲ್’ ಬಂಡಿಯು ಹಿಡಿಯುತ್ತಿದ್ದುದು ಈ ಎರಡನೆಯದನ್ನೇ. ಧನುಷ್ಕೋಟಿಯಲ್ಲಿ ಇಳಿದವರು ಧೂಮನೌಕೆಯನ್ನೇರಿ ಸಿಂಹಳದ ತಲೈಮನ್ನಾರನ್ನು ಸೇರಿ, ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೋಗೆ ಹೋಗುತ್ತಿದ್ದರು. ಮದರಾಸಿನಿಂದ ಕೊಲಂಬೋವರೆಗೂ ಒಂದೇ ಟಿಕೀಟು ಸಾಕಾಗಿದ್ದಿತು. ವರ್ತಕರು, ಚಹದ ತೋಟಗಳ ಕೂಲಿಗಳು, ಯಾತ್ರಿಕರು ಎಲ್ಲರಿಗೂ ಇದೇ ದಾರಿ. ಬೆಸ್ತರು ವಾಸವಾಗಿದ್ದ ಆ ಮರಳುದಿಣ್ಣೆಯ ಮೇಲೆ ಅಂಚೆಮನೆ, ಸುಂಕದಕಟ್ಟೆ, ಇಗರ್ಜಿಗಳುಳ್ಳ ಊರೊಂದು ಬೆಳೆಯಿತು.

1964ರ ಡಿಸೆಂಬರ್ 22ರ ರಾತ್ರಿ ಘೋರವಾದ ಚಂಡಮಾರುತವೆದ್ದಿತು. ಪಾಂಬನ್ನಿನಿಂದ ಬರುತ್ತಿದ್ದ ಪ್ಯಾಸೆಂಜರ್ ಬಂಡಿಯು ಧನುಷ್ಕೋಟಿಯನ್ನು ಇನ್ನೇನು ಸೇರಬೇಕೆನ್ನುವಷ್ಟರಲ್ಲಿ ಸಮುದ್ರವು ಅದನ್ನು ನುಂಗಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಯಾರೂ ಉಳಿಯಲಿಲ್ಲ. ಊರೂ ಹಳಿಯೂ ಅಲೆಗಳ ಪಾಲಾದವು.

ಪಾಂಬನ್ ಸೇತುವೆಯ ತೊಲೆಗಳೂ ಬಹುಪಾಲು ಕೊಚ್ಚಿಹೋಗಿದ್ದವು. ಮುಂದೆ ಕೊಂಕಣ ರೈಲುಮಾರ್ಗವನ್ನು ನಿರ್ಮಿಸಿ ನಮ್ಮ ಕರಾವಳಿಗೂ ಪರಿಚಿತರಾದ ಇ. ಶ್ರೀಧರನ್ ಎಂಬ ಇಂಜಿನಿಯರರು ಅದನ್ನು 46 ದಿನಗಳಲ್ಲಿ ಸರಿಪಡಿಸಿದರು. ಆದರೆ ಧನುಷ್ಕೋಟಿಗೆ ಆ ಭಾಗ್ಯವಿರಲಿಲ್ಲ. ಅದು ಜನವಾಸಕ್ಕೆ ತಕ್ಕುದಲ್ಲವೆಂದು ಸರ್ಕಾರವು ಸಾರಿತು. ಊರೇ ಇಲ್ಲದ ಮೇಲೆ ರೈಲೆಲ್ಲಿಗೆ? ಕಿರುದಾರಿಯ ರಾಮೇಶ್ವರವು ಕೊನೆಯ ನಿಲ್ದಾಣವಾಯಿತು. ಹಿರಿದಾರಿಯು ಮರಳಿನಲ್ಲಿ ಹೂತುಹೋಯಿತು. ಹಳಿಯನ್ನು ಮತ್ತೆ ಹಾಕಲು 2019ರಲ್ಲಿ ಶಂಕುಸ್ಥಾಪನೆಯಾಯಿತಾದರೂ ಕೆಲಸವು ಮುಂದೆ ಸಾಗಲಿಲ್ಲ.

ಪಾಂಬನ್ನಿನಲ್ಲಿ 2025ರಿಂದ ಹೊಸ ಸೇತುವೆಯಿದೆ. ಕಡಲು ದಾಟಿಸುವ ಹಡಗು ಇಲ್ಲದಿದ್ದರೂ ಚೆನ್ನೈಯಿಂದ ರಾಮೇಶ್ವರಕ್ಕೆ ಬರುವ ಬಂಡಿಗೆ ‘ಬೋಟ್ ಮೇಲ್’ ಎಂಬ ಹೆಸರು ಉಳಿದಿದೆ. ಧನುಷ್ಕೋಟಿಗೆ ಈಗ ಮೋಟಾರಿನ ರಸ್ತೆಯುಂಟು. ಇಗರ್ಜಿಯ ಮುರಿದ ಗೋಡೆಗಳೂ ನಿಲ್ದಾಣದ ಅವಶೇಷಗಳೂ ದಾರಿಯಲ್ಲಿ ಕಾಣುತ್ತವೆ. ಸೇತುಸ್ನಾನಕ್ಕೆ ಹೋದವರು ಪಿತೃಗಳಿಗೆ ತರ್ಪಣ ಕೊಡುವಾಗ, ಆ ರಾತ್ರಿ ಊರು ಮುಟ್ಟದೆ ಹೋದ ಪ್ರಯಾಣಿಕರನ್ನೂ ನೆನೆದು ಒಂದು ಬೊಗಸೆ ನೀರು ಬಿಟ್ಟರೆ ತಪ್ಪಾಗಲಾರದು.