ತಾಟೆ ಮೀನು ಮತ್ತು ಮೀಝಾನ್

"ತಾಟೆ ಮೀನು ಹಲಾಲ್ ತಾನೇ ಉಸ್ತಾದ್?" ಎಂದು ಮದ್ರಸದ ಮಕ್ಕಳು ಕೇಳಿದಾಗ, ಹೌದೆಂದು ಹೇಳಿ ನಾವು ಪಾಠ ಮುಂದುವರಿಸುತ್ತಿದ್ದೆವು. ಕಡಲ ಬೇಟೆಯನ್ನು ಅಲ್ಲಾಹನು ಅನುಮತಿಸಿರುವನು, ಸಂಶಯವಿಲ್ಲ. ಆದರೆ ಸೂಪಿಗಾಗಿ ಜೀವಂತ ಶಾರ್ಕಿನ ಈಜುರೆಕ್ಕೆಗಳನ್ನಷ್ಟೇ ಕೊಯ್ದು, ಈಜಲಾರದ ಒಡಲನ್ನು ಮರಳಿ ನೀರಿಗೆಸೆಯುವರೆಂದು ತಿಳಿದ ಮೇಲೆ ಆ ಉತ್ತರ ಸಾಲದೆನಿಸಿತು. ಪ್ರಾಣಿಯ ಅಂಗಚ್ಛೇದ ಮಾಡುವವನನ್ನು ಪ್ರವಾದಿವರ್ಯರು(ಸ) ಶಪಿಸಿದ ಹದೀಸನ್ನು ಕಲಿಸುವವರೂ ನಾವೇ ಅಲ್ಲವೇ?

ಭಾರತವು ಈ ಕ್ರೌರ್ಯವನ್ನು 2013ರಲ್ಲಿ, ರೆಕ್ಕೆಗಳ ರಫ್ತನ್ನು 2015ರಲ್ಲಿ ನಿಷೇಧಿಸಿತು. ನಮ್ಮ ಕಡಲವರು ಇಡೀ ಮೀನನ್ನೇ ದಡಕ್ಕೆ ತರುವವರು, ನಿಜ. ಆದರೂ ಬಲೆಗೆ ಮರಿಗಳೂ ಬೀಳುತ್ತವೆ. ಬೂತಾಯಿ ಸಾವಿರಾರು ಮೊಟ್ಟೆಯಿಡುತ್ತದೆ; ತಾಟೆಯೋ ತಡವಾಗಿ ಬೆಳೆದು ಕೆಲವೇ ಮರಿಗಳನ್ನು ಹೆರುತ್ತದೆ. ಅಲ್ಲಾಹನಿಟ್ಟ ಮೀಝಾನ್ ತಪ್ಪುವುದು ಅಲ್ಲಿಯೇ.

ಮೊನ್ನೆ ಮಾರುಕಟ್ಟೆಯಲ್ಲಿ ಮರಿ ತಾಟೆಗಳ ರಾಶಿ ಕಂಡೆವು. ಬೂತಾಯಿ ಕೊಂಡು ಮನೆಗೆ ಮರಳಿದೆವು.